ಇಎಸ್‌ಪಿ32 ತೇವಾಂಶ ನೋಡ್‌ಗೆ 18650 ಸೆಲ್: ವೈಫೈ ಆನ್ ಆದೊಡನೆ ರೀಸೆಟ್, ವಾರದೊಳಗೆ ಸೆಲ್ ಖಾಲಿ

ಪ್ರಶ್ನೆ: ಅಡಿಕೆತೋಟ_ನೋಡ್

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟದಲ್ಲಿ ಮಣ್ಣಿನ ತೇವಾಂಶ ಅಳೆದು, ಹದಿನೈದು ನಿಮಿಷಕ್ಕೊಮ್ಮೆ ಮನೆಯ ವೈಫೈ ಮೂಲಕ ಕಳಿಸುವ ನೋಡ್ (ಇಎಸ್‌ಪಿ32 ಎಂಬ ವೈಫೈ ಇರುವ ಮೈಕ್ರೋಕಂಟ್ರೋಲರ್ ಚಿಪ್ಪಿನ ಪುಟ್ಟ ಸಾಧನ) ಕಟ್ಟುತ್ತಿದ್ದೇನೆ. ಈಗಿನ ಜೋಡಣೆ ಹೀಗಿದೆ.

ಸೆಲ್ ಒಂದೇ ಒಂದು 18650 (ಮರುಚಾರ್ಜ್ ಆಗುವ ಲಿಥಿಯಂ ಸೆಲ್), ಮೇಲೆ 2600 ಎಂಎಎಚ್ ಎಂದು ಬರೆದಿದೆ, ಸ್ಪ್ರಿಂಗ್ ಇರುವ ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಕೂತಿದೆ. ಚಾರ್ಜಿಗೆ ಟಿಪಿ4056 ಮಾಡ್ಯೂಲ್. ಡಿಡಬ್ಲ್ಯೂ01 ರಕ್ಷಣೆ (ಸೆಲ್ ಅತಿಯಾಗಿ ಖಾಲಿಯಾಗದಂತೆ ಸಂಪರ್ಕ ಕಡಿಯುವ ಚಿಪ್) ಮತ್ತು ಟೈಪ್-ಸಿ ಸಾಕೆಟ್ ಇರುವಂಥದ್ದು. ಅದರ ಔಟ್ ತುದಿಗಳಿಂದ ಇಎಸ್‌ಪಿ32 ಡೆವ್ ಬೋರ್ಡಿನ ವಿನ್ (ಪೂರೈಕೆ ಒಳಬರುವ) ಪಿನ್ನಿಗೆ ಜಂಪರ್ ತಂತಿ ಹೋಗಿದೆ. ಕೆಪ್ಯಾಸಿಟಿವ್ ತೇವಾಂಶ ಸೆನ್ಸರ್ 3.3 ವೋಲ್ಟ್ ಪಿನ್ನಿಗೆ ಸದಾ ಜೋಡಿಸಿಯೇ ಇದೆ. ಕೋಡಿನಲ್ಲಿ ಡೀಪ್ ಸ್ಲೀಪ್ (ಕೆಲಸವಿಲ್ಲದಾಗ ಚಿಪ್ಪನ್ನು ಮಲಗಿಸುವ ವ್ಯವಸ್ಥೆ) ಇದೆ.

ತೊಂದರೆಗಳು: ಸೆಲ್ 3.8 ವೋಲ್ಟಿಗೆ ಇಳಿದ ಮೇಲೆ ವೈಫೈ ಶುರುವಾಗುವ ಹೊತ್ತಿಗೆ ಬೋರ್ಡ್ ರೀಸೆಟ್ ಆಗುತ್ತದೆ, ಸೀರಿಯಲ್ ಮಾನಿಟರಿನಲ್ಲಿ ಬ್ರೌನ್‌ಔಟ್ (ವೋಲ್ಟೇಜ್ ಕುಸಿತ) ಸಂದೇಶ ಕಾಣುತ್ತದೆ. ಪೂರ್ತಿ ಚಾರ್ಜ್ ಮಾಡಿಟ್ಟರೂ ಒಂದು ವಾರ ದಾಟುವುದಿಲ್ಲ. ಮೊಬೈಲಿನ ಹೊಸ ಚಾರ್ಜರ್, ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಹಾಕಿದರೆ ಚಾರ್ಜ್ ಆಗುವುದೇ ಇಲ್ಲ. ಹಳೆಯ ಕೇಬಲಿಗೆ ಆಗುತ್ತದೆ.

ನಡುವೆ ಎಂಟಿ3608 ಬೂಸ್ಟ್ (ವೋಲ್ಟೇಜ್ ಏರಿಸುವ) ಮಾಡ್ಯೂಲ್ ಹಾಕಿ 5 ವೋಲ್ಟ್ ಕೊಟ್ಟರೆ ಸರಿಹೋಗುತ್ತದೆಯೇ? ಮುಂದೆ 6 ವೋಲ್ಟ್, 1 ವ್ಯಾಟಿನ ಸೋಲಾರ್ ಪ್ಯಾನೆಲ್ ಸೇರಿಸುವ ಯೋಚನೆಯೂ ಇದೆ. ಸೆಲ್ ಬದಲಿಸಬೇಕೇ, ಇಡೀ ವಿನ್ಯಾಸ ಬದಲಿಸಬೇಕೇ?

ಉತ್ತರ 1: ಓಮಿನ_ಲೆಕ್ಕ

ಮೊದಲ ಎರಡು ತೊಂದರೆಗಳಿಗೂ ಕಾರಣ ಸೆಲ್ ಅಲ್ಲ, ಡೆವ್ ಬೋರ್ಡಿನ ಮೇಲೆ ಕೂತಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು 3.3ಕ್ಕೆ ಇಳಿಸಿ ಸ್ಥಿರವಾಗಿಡುವ ಚಿಪ್). ಅದು ಯುಎಸ್‌ಬಿಯ 5 ವೋಲ್ಟಿಗೆ ಸರಿ, ಲಿಥಿಯಂ ಸೆಲ್ಲಿಗೆ ಒಗ್ಗುವುದಿಲ್ಲ. 3.3 ವೋಲ್ಟ್ ಹೊರಬರಬೇಕಾದರೆ ಅದಕ್ಕೆ ಒಳಗಡೆ ಸುಮಾರು 1 ವೋಲ್ಟ್ ಹೆಚ್ಚು ಬೇಕು, ಅಂದರೆ 4.3 ವೋಲ್ಟ್. ಪೂರ್ತಿ ತುಂಬಿದ ಸೆಲ್ಲೇ 4.2! ಸೆಲ್ 3.8ಕ್ಕೆ ಬಂದಾಗ ಇಎಸ್‌ಪಿ32ಗೆ ಸಿಗುವುದು 2.8ರ ಆಸುಪಾಸು. ಚಿಪ್ಪಿಗೆ ಕನಿಷ್ಠ 3.0 ಬೇಕು. ವೈಫೈ ಸಿಗ್ನಲ್ ಬಿಡುವಾಗ ಅದು 240 ಮಿಲಿಆಂಪ್ ಎಳೆಯುತ್ತದೆ, ಕ್ಷಣಮಾತ್ರದ ಏರಿಕೆ ಅದಕ್ಕೂ ಮೇಲೆ ಹೋಗುತ್ತದೆ. ತಯಾರಕರೇ 500 ಮಿಲಿಆಂಪ್ ಕೊಡಬಲ್ಲ ಪೂರೈಕೆ ಇರಲಿ ಎನ್ನುತ್ತಾರೆ. ಆ ಹೊತ್ತಿಗೆ ವೋಲ್ಟೇಜ್ 2.4ರ ಹತ್ತಿರ ಕುಸಿದು ಬ್ರೌನ್‌ಔಟ್ ಡಿಟೆಕ್ಟರ್ ಚಿಪ್ಪನ್ನು ರೀಸೆಟ್ ಮಾಡುತ್ತದೆ. ಕೋಡಿನಲ್ಲಿ ಆ ಡಿಟೆಕ್ಟರನ್ನೇ ಬಂದ್ ಮಾಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ, ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಕುಸಿದಿರುವಾಗ ಫ್ಲ್ಯಾಶ್‌ಗೆ ಬರೆಯಲು ಹೋದರೆ ಅದರಲ್ಲಿನ ಪ್ರೋಗ್ರಾಂ, ದತ್ತಾಂಶ ಎರಡೂ ಕೆಡಬಹುದು.

ಎರಡನೆಯದು, ಸೆಲ್ ಬೇಗ ಖಾಲಿಯಾಗುವುದು. ಎಎಂಎಸ್1117 ಸುಮ್ಮನೆ ಕೂತಿರಲಿಕ್ಕೇ 5 ಮಿಲಿಆಂಪ್ ತಿನ್ನುತ್ತದೆ. ಅದರ ಜೊತೆಗೆ ಪವರ್ ಎಲ್‌ಇಡಿ, ಯುಎಸ್‌ಬಿ-ಸೀರಿಯಲ್ ಚಿಪ್, ಸದಾ ಆನ್ ಇರುವ ನಿಮ್ಮ ಸೆನ್ಸರ್. ಇಎಸ್‌ಪಿ32 ಡೀಪ್ ಸ್ಲೀಪಿನಲ್ಲಿ 10 ಮೈಕ್ರೋಆಂಪಿಗೆ ಇಳಿದರೂ ಬೋರ್ಡ್ ಒಟ್ಟಾಗಿ 10 ಮಿಲಿಆಂಪಿನಷ್ಟು, ಅಂದರೆ ಸಾವಿರ ಪಟ್ಟು, ಎಳೆಯುತ್ತಿರುತ್ತದೆ.

ಲೆಕ್ಕ ನೋಡಿ. ಹದಿನೈದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ಸಲ. ಒಂದೊಂದು ಸಲ 5 ಸೆಕೆಂಡ್, ಸರಾಸರಿ 120 ಮಿಲಿಆಂಪ್ ಎಂದಿಟ್ಟುಕೊಂಡರೆ ಕೆಲಸಕ್ಕೆ ಬೇಕಾದದ್ದು ದಿನಕ್ಕೆ 16 ಎಂಎಎಚ್ ಮಾತ್ರ. ನಿದ್ದೆಗೆ 10 ಮಿಲಿಆಂಪಿನಂತೆ 240 ಎಂಎಎಚ್! 2600ರಲ್ಲಿ ನಂಬಬಹುದಾದ ಶೇಕಡ 80, ಅಂದರೆ 2080 ಎಂಎಎಚ್, ಎಂಟು ದಿನಕ್ಕೆ ಮುಗಿಯುತ್ತದೆ. ನೀವು ಕಾಣುತ್ತಿರುವುದೂ ಇದನ್ನೇ. ಅದೇ ನಿದ್ದೆಯನ್ನು 30 ಮೈಕ್ರೋಆಂಪಿಗೆ ಇಳಿಸಿದರೆ ನಿದ್ದೆಯ ಖರ್ಚು ದಿನಕ್ಕೆ 0.7 ಎಂಎಎಚ್, ಒಟ್ಟು 17ರ ಒಳಗೆ. ಅದೇ ಸೆಲ್ ನಾಲ್ಕು ತಿಂಗಳು ಬಾಳುತ್ತದೆ. ಬ್ಯಾಟರಿ ಪೂರೈಕೆಯನ್ನು ಯಾವಾಗಲೂ ಈ ದಿಕ್ಕಿನಿಂದ ವಿನ್ಯಾಸ ಮಾಡಬೇಕು: ಮೊದಲು ಗರಿಷ್ಠ ಕರೆಂಟ್, ಆಮೇಲೆ ನಿದ್ದೆಯ ಕರೆಂಟ್, ಕೊನೆಗೆ ಸೆಲ್. ಸೆಲ್ಲಿನಿಂದ ಶುರುಮಾಡಿದರೆ ದೊಡ್ಡ ಸೆಲ್ ಹಾಕುತ್ತಲೇ ಹೋಗಬೇಕಾಗುತ್ತದೆ.

ಎಂಟಿ3608 ಬೇಡ. 3.7ರಿಂದ 5ಕ್ಕೆ ಏರಿಸುವಾಗ ಶೇಕಡ ಹತ್ತರಷ್ಟು ಹೋಯಿತು, ಅಲ್ಲಿಂದ 3.3ಕ್ಕೆ ಇಳಿಸುವಾಗ ಮೂರನೇ ಒಂದು ಪಾಲು ಶಾಖವಾಗಿ ಹೋಯಿತು. ಉಳಿದದ್ದು ಶೇಕಡ 60. ರೀಸೆಟ್ ನಿಲ್ಲುತ್ತದೆ, ಆದರೆ ನಿದ್ದೆಯ ಸೋರಿಕೆ ಇನ್ನೂ ಹೆಚ್ಚುತ್ತದೆ.

ಹಾಕಬೇಕಾದದ್ದು ಡ್ರಾಪ್‌ಔಟ್ (ಒಳಗೂ ಹೊರಗೂ ಬೇಕಾದ ಕನಿಷ್ಠ ವೋಲ್ಟೇಜ್ ಅಂತರ) ಕಡಿಮೆ ಇರುವ, ತಾನು ತಿನ್ನುವುದೂ ಕಡಿಮೆ ಇರುವ ರೆಗ್ಯುಲೇಟರ್. ನನ್ನ ಆಯ್ಕೆ ಆರ್‌ಟಿ9080ರ 3.3 ವೋಲ್ಟಿನದು: 600 ಮಿಲಿಆಂಪ್ ಕೊಡುತ್ತದೆ, ತಾನು ತಿನ್ನುವುದು 2 ಮೈಕ್ರೋಆಂಪ್. ಸಿಗದಿದ್ದರೆ ಎಪಿ2112ಕೆ, ಅದೂ 600 ಮಿಲಿಆಂಪ್, ಆದರೆ 55 ಮೈಕ್ರೋಆಂಪ್ ತಿನ್ನುತ್ತದೆ, ದಿನಕ್ಕೆ 1.3 ಎಂಎಎಚ್, ಸಹಿಸಬಹುದು. ಎಲ್ಲ ಕಡೆ ಸಿಗುವ ಎಚ್‌ಟಿ7333, ಎಂಸಿಪಿ1700 ಎರಡೂ ನಿದ್ದೆಯ ಮಟ್ಟಿಗೆ ಬಲು ಚೆನ್ನ, ಆದರೆ 250 ಮಿಲಿಆಂಪಿನವು. ವೈಫೈ ಇರುವಲ್ಲಿ ಅವನ್ನು ದೊಡ್ಡ ಕೆಪ್ಯಾಸಿಟರಿನ ಬಲದ ಮೇಲೆ ಓಡಿಸುವುದು ಅಂಚಿನ ಮೇಲಿನ ನಡಿಗೆ.

ವೋಲ್ಟೇಜಿನ ಲೆಕ್ಕವೂ ಒಮ್ಮೆ ಆಗಲಿ. ಸೆಲ್ 3.4 ವೋಲ್ಟಿಗೆ ಇಳಿದಿದೆ, 400 ಮಿಲಿಆಂಪ್ ಎಳೆತ ಬಂತು ಎನ್ನಿ. ಸೆಲ್ಲಿನ ಒಳರೋಧ, ಹೋಲ್ಡರ್, ರಕ್ಷಣೆಯ ಮಾಸ್ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ತಂತಿ ಎಲ್ಲ ಸೇರಿ 0.2 ಓಮ್ ಇದ್ದರೆ 0.08 ವೋಲ್ಟ್ ಅಲ್ಲೇ ಹೋಯಿತು. ರೆಗ್ಯುಲೇಟರಿನಲ್ಲಿ 0.2. ಚಿಪ್ಪಿಗೆ ತಲುಪಿದ್ದು 3.1, ಬದುಕಿತು. ಅದೇ ಬ್ರೆಡ್‌ಬೋರ್ಡ್, ತುಕ್ಕು ಹಿಡಿದ ಸ್ಪ್ರಿಂಗ್, ಕೂದಲಿನಷ್ಟು ತೆಳುವಾದ ಜಂಪರ್ ಸೇರಿ 0.6 ಓಮ್ ಆದರೆ 0.24 ವೋಲ್ಟ್ ಹೋಗುತ್ತದೆ, ಚಿಪ್ ಮತ್ತೆ ಬೀಳುತ್ತದೆ. ಆದ್ದರಿಂದ ಸೆಲ್ಲಿನಿಂದ ರೆಗ್ಯುಲೇಟರಿನವರೆಗೆ 22 ಗೇಜಿನ ತಂತಿ, ಬೆಸುಗೆ ಹಾಕಿದ ಜೋಡಣೆ. ಇಎಸ್‌ಪಿ32 ಮಾಡ್ಯೂಲಿನ ಪವರ್ ಪಿನ್ನಿಗೆ ಅಂಟಿದಂತೆ 22 ಮೈಕ್ರೋಫ್ಯಾರಡ್ ಸೆರಾಮಿಕ್ ಎರಡು, 0.1 ಒಂದು. ಪಾಲಿಮರ್ ಕೆಪ್ಯಾಸಿಟರ್ ಬೇಡ. ಅವುಗಳ ಸೋರಿಕೆ ಹೆಚ್ಚು, ನೀವು ಉಳಿಸಿದ ಮೈಕ್ರೋಆಂಪನ್ನು ಅವೇ ನುಂಗುತ್ತವೆ.

ಡೆವ್ ಬೋರ್ಡಿನ 3.3 ಪಿನ್ನಿಗೆ ಹೊಸ ರೆಗ್ಯುಲೇಟರಿನಿಂದ ಕೊಟ್ಟರೆ ರೀಸೆಟ್ ತೊಂದರೆ ಹೋಗುತ್ತದೆ, ಆದರೆ ಎಲ್‌ಇಡಿ ಮತ್ತು ಸೀರಿಯಲ್ ಚಿಪ್ ಅಲ್ಲೇ ಇರುತ್ತವೆ. ತೋಟದಲ್ಲಿ ಬಿಡುವ ನೋಡಿಗೆ ಬರಿಯ ವ್ರೂಮ್-32 (ಇಎಸ್‌ಪಿ32 ಚಿಪ್ ಇರುವ) ಮಾಡ್ಯೂಲನ್ನು ಅಡಾಪ್ಟರ್ ಪ್ಲೇಟಿನ ಮೇಲೆ ಬೆಸೆಯಿರಿ. ಇಎನ್ (ಚಿಪ್ ಆನ್ ಮಾಡುವ) ಪಿನ್ನಿಗೆ 10 ಕಿಲೋಓಮ್ ಪುಲ್‌ಅಪ್ (3.3 ವೋಲ್ಟಿಗೆ ಎಳೆದಿಡುವ ರೆಸಿಸ್ಟರ್) ಮತ್ತು ನೆಲಕ್ಕೆ (ಗ್ರೌಂಡ್) 1 ಮೈಕ್ರೋಫ್ಯಾರಡ್, ಜಿಪಿಐಓ (ಸಾಮಾನ್ಯ ಬಳಕೆಯ ಪಿನ್) 0ಗೆ 10 ಕಿಲೋಓಮ್ ಪುಲ್‌ಅಪ್. ಜಿಪಿಐಓ 12ಕ್ಕೆ ಬೂಟ್ ಹೊತ್ತಿನಲ್ಲಿ ಏನೂ ಮೇಲೆಳೆಯುವಂತಿಲ್ಲ, ಎಳೆದರೆ ಫ್ಲ್ಯಾಶಿನ ವೋಲ್ಟೇಜ್ 1.8 ಎಂದು ತಿಳಿದು ಬೂಟ್ ಆಗುವುದಿಲ್ಲ. ಸೆನ್ಸರಿಗೆ ಒಂದು ಜಿಪಿಐಓನಿಂದಲೇ ಕರೆಂಟ್ ಕೊಡಿ: ಆನ್, ಸ್ವಲ್ಪ ಕಾಯುವುದು, ಓದುವುದು, ಆಫ್. ಸೆನ್ಸರಿನ ಮೇಲಿನ ಟೈಮರ್ ಚಿಪ್ ಟಿಎಲ್‌ಸಿ555 ಆಗಿರಲಿ. ಎನ್‌ಇ555 ಇದ್ದರೆ ಅದಕ್ಕೆ 4.5 ವೋಲ್ಟ್ ಬೇಕು, 3.3ರಲ್ಲಿ ಓದು ನಂಬುವ ಹಾಗಿರುವುದಿಲ್ಲ.

ಸೆಲ್ ವೋಲ್ಟೇಜ್ ಓದಲು 1 ಮೆಗಾಓಮ್ ಎರಡರ ಡಿವೈಡರ್ (ವೋಲ್ಟೇಜನ್ನು ಅರ್ಧಕ್ಕೆ ಇಳಿಸುವ ಜೋಡಿ), ನಡುಬಿಂದುವಿನಿಂದ ನೆಲಕ್ಕೆ 0.1 ಮೈಕ್ರೋಫ್ಯಾರಡ್. ಜಿಪಿಐಓ 32ರಿಂದ 39ರೊಳಗಿನ ಪಿನ್ನನ್ನೇ ಬಳಸಿ, ಎರಡನೇ ಎಡಿಸಿ (ಚಿಪ್ಪಿನೊಳಗೆ ವೋಲ್ಟೇಜ್ ಓದುವ ಭಾಗ) ವೈಫೈ ಓಡುವಾಗ ಸಿಗುವುದಿಲ್ಲ. ಓದು 3.4ಕ್ಕಿಂತ ಕೆಳಗಿದ್ದರೆ ವೈಫೈ ಆನ್ ಮಾಡದೆ ಮತ್ತೆ ಮಲಗಿಸಿ. ಡಿಡಬ್ಲ್ಯೂ01 ಕಡಿಯುವುದು 2.4 ವೋಲ್ಟಿಗೆ, ಅದನ್ನು ಕೊನೆಯ ಕಾವಲು ಎಂದಷ್ಟೇ ನೋಡಬೇಕು, ದಿನನಿತ್ಯದ ಮಿತಿಯಾಗಿ ಅಲ್ಲ.

ಇನ್ನೊಂದು, ಹೆಚ್ಚಿನವರು ಗಮನಿಸದೆ ಬಿಡುವುದು. ಮನೆಯಲ್ಲಿ ಕರೆಂಟ್ ಹೋದರೆ ರೂಟರ್ ಆಫ್. ನೋಡ್ ಎದ್ದು ರೂಟರಿಗಾಗಿ ಕಾಯುತ್ತ ಕೂತರೆ ಗಂಟೆಗೆ 120 ಎಂಎಎಚ್ ಹೋಗುತ್ತದೆ, ತುಂಬಿದ ಸೆಲ್ ಒಂದು ದಿನ ತಡೆಯುವುದಿಲ್ಲ. ಸಂಪರ್ಕಕ್ಕೆ 8 ಸೆಕೆಂಡಿನ ಗಡುವು ಹಾಕಿ, ಆಗದಿದ್ದರೆ ಓದನ್ನು ಆರ್‌ಟಿಸಿ (ನಿದ್ದೆಯಲ್ಲೂ ಅಳಿಯದ) ಮೆಮೊರಿಯಲ್ಲಿಟ್ಟು ಮಲಗಲಿ. ಸ್ಥಿರ ಐಪಿ ಕೊಟ್ಟು, ಚಾನೆಲ್ ನಂಬರನ್ನು ನೆನಪಿಟ್ಟುಕೊಂಡರೆ ಎಚ್ಚರದ ಸಮಯವೂ ಇಳಿಯುತ್ತದೆ.

ಉತ್ತರ 2: ಬೆಸುಗೆಕೋಲು

ಮೇಲಿನವರು ರೆಗ್ಯುಲೇಟರ್ ಭಾಗ ಹೇಳಿದ್ದಾರೆ, ಚಾರ್ಜಿಂಗ್ ಭಾಗ ನಾನು ಸೇರಿಸುತ್ತೇನೆ.

ಕೇಬಲ್ ತೊಂದರೆ: ಟೈಪ್-ಸಿ ಸಾಕೆಟಿನ ಸಿಸಿ1, ಸಿಸಿ2 ಎರಡೂ ಪಿನ್ನಿನಿಂದ ನೆಲಕ್ಕೆ 5.1 ಕಿಲೋಓಮ್ ರೆಸಿಸ್ಟರ್ ಇರಬೇಕು. ಅಗ್ಗದ ಮಾಡ್ಯೂಲುಗಳಲ್ಲಿ ಅವನ್ನು ಬಿಟ್ಟಿರುತ್ತಾರೆ. ಅವಿಲ್ಲದಿದ್ದರೆ ಆ ತುದಿಯಲ್ಲಿ ಉಪಕರಣ ಇದೆ ಎಂದು ಟೈಪ್-ಸಿ ಚಾರ್ಜರಿಗೆ ಗೊತ್ತಾಗುವುದಿಲ್ಲ, 5 ವೋಲ್ಟ್ ಬಿಡುವುದಿಲ್ಲ. ಹಳೆಯ ಎ-ಸಾಕೆಟ್ ಕೇಬಲಿನಲ್ಲಿ ಈ ವಿಚಾರಣೆಯೇ ಇಲ್ಲ. ಸೂಕ್ಷ್ಮ ಬೆಸುಗೆ ಬಂದರೆ ಹಾಕಿಕೊಳ್ಳಿ, ಇಲ್ಲದಿದ್ದರೆ ಹಳೆಯ ಕೇಬಲ್ ಸಾಕು.

ಟಿಪಿ4056ರ ಎರಡನೇ ಪಿನ್ ಪ್ರೋಗ್. ಅಲ್ಲಿರುವ ರೆಸಿಸ್ಟರ್ ಚಾರ್ಜಿಂಗ್ ಕರೆಂಟನ್ನು ನಿರ್ಧರಿಸುತ್ತದೆ: 1200 ಭಾಗಿಸು ಓಮ್, ಉತ್ತರ ಆಂಪಿನಲ್ಲಿ. ಮಾಡ್ಯೂಲಿನಲ್ಲಿ ಬರುವುದು 1.2 ಕಿಲೋಓಮ್, ಅಂದರೆ 1 ಆಂಪ್. ಇದು ಲೀನಿಯರ್ ಚಾರ್ಜರ್. ಸೆಲ್ 3 ವೋಲ್ಟಿನಲ್ಲಿದ್ದರೆ ಉಳಿದ 2 ವೋಲ್ಟ್ ಇಂಟು 1 ಆಂಪ್, 2 ವ್ಯಾಟ್ ಆ ಪುಟ್ಟ ಚಿಪ್ಪಿನಲ್ಲೇ ಶಾಖವಾಗುತ್ತದೆ. ಮುಟ್ಟಲಾಗದಷ್ಟು ಕಾದು, ತನ್ನಷ್ಟಕ್ಕೆ ಕರೆಂಟ್ ತಗ್ಗಿಸಿಕೊಳ್ಳುತ್ತದೆ. ಯುಎಸ್‌ಬಿಯಿಂದ ಮಾತ್ರ ಚಾರ್ಜ್ ಮಾಡುವುದಾದರೆ 2.4 ಕಿಲೋಓಮ್ ಹಾಕಿ, 500 ಮಿಲಿಆಂಪ್, 2600ರ ಸೆಲ್ಲಿಗೆ ಹಿತವಾದ ವೇಗ.

ಸೋಲಾರ್ ಸೇರಿಸುವುದಾದರೆ ಲೆಕ್ಕವೇ ಬೇರೆ. 6 ವೋಲ್ಟ್ 1 ವ್ಯಾಟ್ ಪ್ಯಾನೆಲ್ ಕೊಡಬಲ್ಲದ್ದು ಹೆಚ್ಚೆಂದರೆ 160 ಮಿಲಿಆಂಪ್. ಟಿಪಿ4056 ಅದಕ್ಕಿಂತ ಹೆಚ್ಚು ಕೇಳಿದರೆ ಪ್ಯಾನೆಲಿನ ವೋಲ್ಟೇಜ್ ಕುಸಿದು ಚಾರ್ಜಿಂಗ್ ನಿಂತು ಶುರುವಾಗಿ ಒದ್ದಾಡುತ್ತದೆ. 10 ಕಿಲೋಓಮ್ ಹಾಕಿ, 120 ಮಿಲಿಆಂಪಿಗೆ ಕಟ್ಟಿಹಾಕಿ. ನಿಮಗೆ ಬೇಕಾದದ್ದು ದಿನಕ್ಕೆ 17 ಎಂಎಎಚ್. ಅರ್ಧ ಗಂಟೆ ಒಳ್ಳೆಯ ಬಿಸಿಲು ಬಿದ್ದರೂ ಮಿಗುತ್ತದೆ. ಆದರೆ ಅಡಿಕೆ ಮರದ ಅಡಿಯಲ್ಲಿ ಆ ಬಿಸಿಲು ಬೀಳುವುದಿಲ್ಲ, ಪ್ಯಾನೆಲನ್ನು ತೋಟದ ಅಂಚಿಗೆ ಅಥವಾ ಕಂಬದ ಮೇಲಕ್ಕೆ ಒಯ್ಯಬೇಕು. ನಿದ್ದೆಯ ಕರೆಂಟ್ ಸರಿಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡವನ್ನೂ ತುಂಬಿದ ಸೆಲ್ ಒಂದೇ ದಾಟಿಸಬಲ್ಲದು.

ಲೋಡ್ ಜೋಡಿಸಿಯೇ ಚಾರ್ಜ್ ಮಾಡಬಹುದೇ ಎಂಬ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಟಿಪಿ4056 ತನ್ನ ನಿಗದಿತ ಕರೆಂಟಿನ ಹತ್ತನೇ ಒಂದಕ್ಕೆ ಇಳಿದಾಗ ಮುಗಿಯಿತು ಎಂದು ತಿಳಿಯುತ್ತದೆ. ಲೋಡ್ ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ಅದಕ್ಕೆ ಮುಗಿದದ್ದೇ ತಿಳಿಯದು, ಸೆಲ್ ಸದಾ 4.2ರಲ್ಲಿ ನಿಂತು ಬೇಗ ಮುದಿಯಾಗುತ್ತದೆ. ಸದಾ ಎಚ್ಚರವಾಗಿರುವ ಸಾಧನಕ್ಕೆ ಪವರ್ ಪಾತ್ (ಯುಎಸ್‌ಬಿ ಇರುವಾಗ ಲೋಡನ್ನು ಸೆಲ್ಲಿನಿಂದ ಬಿಡಿಸಿ ಅದರಿಂದಲೇ ನಡೆಸುವ ದಾರಿ) ಬೇಕು: ಎಓ3401 ಪಿ-ಮಾಸ್ಫೆಟಿನ ಡ್ರೈನ್ ಸೆಲ್ ಕಡೆಗೆ, ಸೋರ್ಸ್ ಲೋಡ್ ಕಡೆಗೆ, ಗೇಟ್ ಯುಎಸ್‌ಬಿ 5 ವೋಲ್ಟಿಗೆ, ಗೇಟಿನಿಂದ ನೆಲಕ್ಕೆ 10 ಕಿಲೋಓಮ್, 5 ವೋಲ್ಟಿನಿಂದ ಲೋಡಿಗೆ ಎಸ್‌ಎಸ್14 ಷಾಟ್ಕಿ ಡಯೋಡ್. ಬಹಳ ಚಿತ್ರಗಳಲ್ಲಿ 100 ಕಿಲೋಓಮ್ ತೋರಿಸುತ್ತಾರೆ. ಬಿಸಿಯಲ್ಲಿ ಷಾಟ್ಕಿಯ ಹಿಮ್ಮುಖ ಸೋರಿಕೆ ಹತ್ತಾರು ಮೈಕ್ರೋಆಂಪಿಗೆ ಏರಿದರೆ 100 ಕಿಲೋಓಮಿನ ಮೇಲೆ ಅದು ಕೆಲವು ವೋಲ್ಟಾಗಿ, ಮಾಸ್ಫೆಟ್ ಅರ್ಧ ಮುಚ್ಚಿಕೊಳ್ಳುತ್ತದೆ.

ಆದರೆ ನಿಮ್ಮ ನೋಡ್ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುವುದರಿಂದ ಇದಾವುದೂ ಬೇಡ, ನೇರ ಜೋಡಿಸಿ. ಸೋಲಾರ್ ಇರುವಲ್ಲಂತೂ ಈ ಪವರ್ ಪಾತ್ ಅಪಾಯ: ಸೆಲ್ ತುಂಬಿ ಚಾರ್ಜಿಂಗ್ ನಿಂತಾಗ ಪ್ಯಾನೆಲ್ 7 ವೋಲ್ಟಿನವರೆಗೆ ಏರುತ್ತದೆ, ಅದು ಡಯೋಡ್ ದಾಟಿ ಆರ್‌ಟಿ9080ಗೆ ಬಂದರೆ ಅದರ ಮಿತಿ 5.5, ಸುಟ್ಟುಹೋಗುತ್ತದೆ. ಪ್ಯಾನೆಲಿನ ತುದಿ ಟಿಪಿ4056ರ ಇನ್‌ಪುಟ್ಟಿಗೆ ಮಾತ್ರ ಹೋಗಲಿ, ಅದು 8 ವೋಲ್ಟ್ ತಡೆಯುತ್ತದೆ. ಲೋಡಿನ ನೆಲದ ತಂತಿ ಔಟ್ ಮೈನಸ್ಸಿಗೇ ಹೋಗಬೇಕು. ಬಿ ಮೈನಸ್ಸಿಗೆ ಕೊಟ್ಟರೆ ಡಿಡಬ್ಲ್ಯೂ01 ರಕ್ಷಣೆ ಪೂರ್ತಿ ತಪ್ಪಿಹೋಗುತ್ತದೆ, ಏಕೆಂದರೆ ಅದರ ಮಾಸ್ಫೆಟ್ ಇರುವುದೇ ಮೈನಸ್ ದಾರಿಯಲ್ಲಿ.

ಉತ್ತರ 3: ಕಬ್ಬಿಣದ_ಸೆಲ್

ಬಿಸಿಲಿನಲ್ಲಿ ಪೆಟ್ಟಿಗೆ ಇಡುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಯೋಚಿಸಿ. 18650 ಅಳತೆಯಲ್ಲೇ ಸಿಗುತ್ತದೆ, 1500 ಎಂಎಎಚ್ ಆಸುಪಾಸು. 3.2 ವೋಲ್ಟ್, ಶಾಖಕ್ಕೆ ಹೆಚ್ಚು ಸ್ಥಿರ. ರೆಗ್ಯುಲೇಟರ್ ಇಲ್ಲದೆ ನೇರವಾಗಿ ಇಎಸ್‌ಪಿ32ಗೆ ಕೊಡಬಹುದು. ಚಾರ್ಜರ್ ಟಿಪಿ5000, ಅದರ ಸಿಎಸ್ ಪಿನ್ ಬಿಟ್ಟರೆ 3.6 ವೋಲ್ಟಿಗೆ ನಿಲ್ಲುತ್ತದೆ.

ಉತ್ತರ 4: ಓಮಿನ_ಲೆಕ್ಕ

ಸೆಲ್ಲಿನ ಆಯ್ಕೆ ಒಪ್ಪುತ್ತೇನೆ, ರೆಗ್ಯುಲೇಟರ್ ಬಿಡುವುದನ್ನು ಒಪ್ಪುವುದಿಲ್ಲ. ಇಎಸ್‌ಪಿ32ರ ಮೇಲ್ಮಿತಿ 3.6 ವೋಲ್ಟ್. ಚಾರ್ಜರ್ 3.6ಕ್ಕೆ ನಿಲ್ಲುತ್ತದೆ ಎಂದರೂ ಶೇಕಡ ಒಂದರಷ್ಟು ಏರುಪೇರು ಸಹಜ, ಮಿತಿ ದಾಟುತ್ತದೆ. ಆರ್‌ಟಿ9080 ಇದ್ದರೆ ಆ ಹೊತ್ತು 3.3ಕ್ಕೆ ತಡೆಯುತ್ತದೆ, ಸೆಲ್ 3.2ಕ್ಕೆ ಬಂದ ಮೇಲೆ ಪುಟ್ಟ ರೆಸಿಸ್ಟರಿನಂತೆ ಸುಮ್ಮನೆ ದಾರಿ ಬಿಡುತ್ತದೆ. ಆದರೆ ಆಗ ಗರಿಷ್ಠ ಎಳೆತದ ಹೊತ್ತಿಗೆ 3.0ರ ಗೆರೆ ಬಹಳ ಹತ್ತಿರ, ಅದಕ್ಕೆ ತಂತಿ-ಜೋಡಣೆಯ ರೋಧ ಇಲ್ಲಿ ಇನ್ನೂ ಕಡಿಮೆ ಇರಬೇಕು. ಈ ಸೆಲ್ಲಿನ ವೋಲ್ಟೇಜ್ ಬಹುಪಾಲು ಸಮತಟ್ಟು, ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ರಕ್ಷಣೆಗೆ ಡಿಡಬ್ಲ್ಯೂ01 ಹೊಂದುವುದಿಲ್ಲ, ಫಾಸ್ಫೇಟ್ ಸೆಲ್ಲಿನದೇ ಬೋರ್ಡ್ ಬೇಕು.

ಅಡಿಕೆತೋಟ_ನೋಡ್

ಎಲ್ಲರಿಗೂ ಧನ್ಯವಾದ, ದಾರಿ ಸ್ಪಷ್ಟವಾಯಿತು. ಮೂರು ವಿಷಯ ಕೇಳಬೇಕಿತ್ತು. ನಿದ್ದೆಯ ಕರೆಂಟನ್ನು ಮಲ್ಟಿಮೀಟರಿನಲ್ಲಿ ಅಳೆಯಲು ಹೋದರೆ ಬೋರ್ಡ್ ಏಳುವಾಗಲೇ ಬಿದ್ದುಹೋಗುತ್ತದೆ, ಹೇಗೆ ಅಳೆಯುವುದು? ಎರಡು ಸೆಲ್ ಪ್ಯಾರಲಲ್ ಹಾಕಬಹುದೇ? ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಸೆಲ್ಲುಗಳನ್ನು ನಂಬಬಹುದೇ?

ಉತ್ತರ 5: ಸೆಲ್_ಪರೀಕ್ಷೆ

ಅಳತೆ: ಮೈಕ್ರೋಆಂಪ್ ರೇಂಜಿನಲ್ಲಿ ಮೀಟರಿನೊಳಗೆ ನೂರು ಓಮಿನಷ್ಟು ರೋಧ ಇರುತ್ತದೆ, ಎಚ್ಚರದ ಕರೆಂಟ್ ಅದರೊಳಗೆ ಹಾಯಲಾರದು. ಮೀಟರಿನ ಎರಡೂ ಕಡ್ಡಿಗಳ ನಡುವೆ ಒಂದು ಟಾಗಲ್ ಸ್ವಿಚ್ ಹಾಕಿ. ಸ್ವಿಚ್ ಮುಚ್ಚಿ ಬೋರ್ಡ್ ಆನ್ ಮಾಡಿ, ಕೆಲಸ ಮುಗಿಸಿ ಮಲಗಿದ ಮೇಲೆ ತೆರೆಯಿರಿ, ಓದಿ, ಮತ್ತೆ ಏಳುವ ಮೊದಲು ಮುಚ್ಚಿ. 20–30 ಮೈಕ್ರೋಆಂಪ್ ಬಂದರೆ ಸರಿ. ನೂರಾರು ಬಂದರೆ ಸೆನ್ಸರ್ ಆಫ್ ಆಗಿಲ್ಲ, ಅಥವಾ ಯಾವುದೋ ಪುಲ್‌ಅಪ್ ನೆಲಕ್ಕೆ ಹರಿಯುತ್ತಿದೆ.

ಪ್ಯಾರಲಲ್: ಹಾಕಬಹುದು, ಒಂದೇ ಬಗೆಯ, ಒಂದೇ ವಯಸ್ಸಿನ ಸೆಲ್ ಆಗಿರಬೇಕು. ಜೋಡಿಸುವ ಮೊದಲು ಎರಡನ್ನೂ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜಿನ ವ್ಯತ್ಯಾಸ 0.05ರೊಳಗೆ ಬರಲಿ. ಒಂದು 4.2, ಇನ್ನೊಂದು 3.5 ಇರುವಾಗ ಕೂಡಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಹಲವು ಆಂಪ್ ನುಗ್ಗುತ್ತದೆ, ತಡೆಯಲು ಮಧ್ಯೆ ಏನೂ ಇಲ್ಲ. ಸೀರೀಸ್ ಮಾತ್ರ ಈ ಮಾಡ್ಯೂಲಿನಲ್ಲಿ ಬೇಡವೇ ಬೇಡ. ಆದರೂ ಮೇಲಿನ ಲೆಕ್ಕ ನೋಡಿದರೆ ನಿಮಗೆ ಎರಡನೇ ಸೆಲ್ಲಿನ ಅಗತ್ಯ ಕಾಣುವುದಿಲ್ಲ.

ಹಳೆಯ ಸೆಲ್: ತೆಗೆದಾಗ 2 ವೋಲ್ಟಿಗಿಂತ ಕೆಳಗಿದ್ದದ್ದನ್ನು ಚಾರ್ಜ್ ಮಾಡಿ ನೋಡುವುದೂ ಬೇಡ. ಅಷ್ಟು ಕೆಳಗಿಳಿದಾಗ ಒಳಗಿನ ತಾಮ್ರದ ಹಾಳೆ ಕರಗಲು ತೊಡಗುತ್ತದೆ, ಮರಳಿ ಚಾರ್ಜ್ ಮಾಡಿದಾಗ ಆ ತಾಮ್ರ ಒಳಗೇ ಶಾರ್ಟ್ ಮಾಡಬಹುದು. ಉಳಿದವನ್ನು 4.2ಕ್ಕೆ ತುಂಬಿ ಒಂದು ವಾರ ಇಡಿ. 4.1ಕ್ಕಿಂತ ಕೆಳಗೆ ಇಳಿದದ್ದು, ಚಾರ್ಜ್ ಆಗುವಾಗ ಬೆಚ್ಚಗಾದದ್ದು ಹೊರಗೆ. ಆಮೇಲೆ ಒಳರೋಧ: ಲೋಡ್ ಇಲ್ಲದೆ ವೋಲ್ಟೇಜ್ ಓದಿ, 4 ಓಮ್ 10 ವ್ಯಾಟ್ ರೆಸಿಸ್ಟರ್ ಹಾಕಿ ಸೆಲ್ಲಿನ ತುದಿಯಲ್ಲೇ ಮತ್ತೆ ಓದಿ. ಕರೆಂಟ್ ಸುಮಾರು 1 ಆಂಪ್ ಆದ್ದರಿಂದ ಕುಸಿತವೇ ಓಮ್. 0.1 ವೋಲ್ಟಿಗಿಂತ ಹೆಚ್ಚು ಕುಸಿದರೆ ಬಿಡಿ.

ಹೊಸದು ಕೊಳ್ಳುವಾಗಲೂ ಎಚ್ಚರ. 18650 ಅಳತೆಯಲ್ಲಿ ಒಳ್ಳೆಯ ಸೆಲ್ ಎಂದರೆ 3500 ಎಂಎಎಚ್ ಹತ್ತಿರ, 9900 ಎಂದು ಬರೆದದ್ದು ಸುಳ್ಳು. ಅಡಿಗೆಮನೆಯ ತಕ್ಕಡಿ ಸಾಕು: ನಿಜವಾದ ಸೆಲ್ 45 ಗ್ರಾಂ ಆಸುಪಾಸು ತೂಗುತ್ತದೆ, 30ರ ಹತ್ತಿರ ಬಂದರೆ ಒಳಗೆ ಅಷ್ಟು ಸರಕಿಲ್ಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಕೊಳ್ಳುವಾಗ ಐಎಸ್ 16046 ಗುರುತು, ಬಿಐಎಸ್ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಸೆಲ್ಲಿನ ಮೇಲೆ ನೇರ ಬೆಸುಗೆ ಹಾಕಬೇಡಿ. ಪ್ಲಸ್ ತುದಿಯ ಅಡಿಯಲ್ಲಿ ಸುರಕ್ಷತಾ ಕವಾಟ, ಪ್ಲಾಸ್ಟಿಕ್ ಸೀಲ್ ಇವೆ. ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಮಾಡಿಸಿದ ಸೆಲ್ ಕೊಳ್ಳಿ, ಇಲ್ಲವೇ ಗಟ್ಟಿ ಹಿತ್ತಾಳೆ ಪಟ್ಟಿಯ ಹೋಲ್ಡರ್ ಬಳಸಿ. ಸೆಲ್ಲಿನ ಲೋಹದ ಡಬ್ಬಿ ಪೂರ್ತಿ ಮೈನಸ್, ಪ್ಲಸ್ ತುದಿಯ ಹೆಗಲಿನವರೆಗೂ. ನಡುವೆ ಇರುವುದು ತೆಳು ಪ್ಲಾಸ್ಟಿಕ್ ಹೊದಿಕೆ. ಅದು ಹರಿದಿದ್ದರೆ ಹೊಸದು ಹೊದಿಸಿ, ಪ್ಲಸ್ ತುದಿಗೆ ಅಂಟುವ ಇನ್ಸುಲೇಟರ್ ಬಿಲ್ಲೆ ಹಾಕಿ. ಸೆಲ್ ತಿರುಗಾಮುರುಗಾ ಕೂಡಿಸಿದರೆ ಬಹುಪಾಲು ಟಿಪಿ4056 ಮಾಡ್ಯೂಲುಗಳು ಆ ಕ್ಷಣವೇ ಸಾಯುತ್ತವೆ, ಹೋಲ್ಡರಿನ ಮೇಲೆ ಕೆಂಪು ಬಣ್ಣದಲ್ಲಿ ಪ್ಲಸ್ ಬರೆದಿಡಿ.

ಕೊನೆಯದು ಶಾಖ. ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಲ್ಲಿ ಚಾರ್ಜ್ ಮಾಡಬಾರದು, ಬಿಸಿಲಿಗೆ ಬಿದ್ದ ಮುಚ್ಚಿದ ಪೆಟ್ಟಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಟಿಪಿ4056ರ ಮೊದಲ ಪಿನ್ ಉಷ್ಣತೆ ನೋಡಲೆಂದೇ ಇದೆ, ಮಾಡ್ಯೂಲುಗಳಲ್ಲಿ ಅದನ್ನು ನೆಲಕ್ಕೆ ಕಟ್ಟಿ ಸುಮ್ಮನಾಗಿಸಿರುತ್ತಾರೆ. ಆ ಕಾಲನ್ನು ಮೆಲ್ಲನೆ ಎತ್ತಿ, ಅದರಿಂದ ನಾಲ್ಕನೇ ಪಿನ್ನಿಗೆ 5.1 ಕಿಲೋಓಮ್, ನೆಲಕ್ಕೆ 3950 ಬಗೆಯ 10 ಕಿಲೋಓಮ್ ಎನ್‌ಟಿಸಿ (ಬಿಸಿಯಾದಂತೆ ರೋಧ ಇಳಿಯುವ ರೆಸಿಸ್ಟರ್) ಬೆಸೆದು, ಎನ್‌ಟಿಸಿಯನ್ನು ಸೆಲ್ಲಿನ ಹೊಟ್ಟೆಗೆ ಕ್ಯಾಪ್ಟಾನ್ (ಶಾಖ ತಡೆಯುವ) ಟೇಪಿನಲ್ಲಿ ಅಂಟಿಸಿ. ಆ ಪಿನ್ನಿನ ವೋಲ್ಟೇಜ್ ಪೂರೈಕೆಯ ಶೇಕಡ 45ರಿಂದ 80ರೊಳಗೆ ಇದ್ದರೆ ಮಾತ್ರ ಚಾರ್ಜ್ ನಡೆಯುತ್ತದೆ. ಈ ಓಮ್ ಅಳತೆಗಳಲ್ಲಿ ಅದು ಸುಮಾರು 10ರಿಂದ 46 ಡಿಗ್ರಿಯ ನಡುವೆ. ಪೆಟ್ಟಿಗೆ ಬಿಳಿಯದಿರಲಿ, ಪ್ಯಾನೆಲಿನ ನೆರಳಿನಲ್ಲಿ ಎರಡು ಬೆರಳು ಜಾಗ ಬಿಟ್ಟು ತೂಗುಹಾಕಿ, ಕೇಬಲ್ ಗ್ಲ್ಯಾಂಡ್ ಕೆಳಮುಖವಾಗಿರಲಿ.